ಲೋಪಸಂಧಿ

ಹಳೆಯ ಅಡುಗೆಮನೆಯ ರೊಟ್ಟಿಗೂಡಿನ ಹಿಂದೆ
ಗಾರೆ ಕೆತ್ತುತ್ತಿದ್ದ ಹುಡುಗನ ಉಳಿಗೆ
ಮೊದಲು ಸಿಕ್ಕಿದ್ದು ಒಂಟಿ ಕಾಲುಚೀಲ,
ಖಾಕಿ ಉಣ್ಣೆಯದು, ಬೆರಳ ಬಳಿ ಹೆಣಿಗೆ ಮುಗಿಯದೆ
ದಾರದಲ್ಲಿ ಬಿಗಿದು ಕಟ್ಟಿದ್ದು.
ಅದರೊಳಗೆ ಇದು.

ಕೈಗಂಟೆ. ಕಂಚು. ತೂಕ ಹದಿನೇಳು ಔನ್ಸು.
ಹಿಡಿ ತೊಗಲಿನದು, ಮಡಿಸಿ ಹೊಲಿದದ್ದು.
ಒಳಮೈಯಲ್ಲಿ ಹದಿನಾಲ್ಕು ಎಂಬ ಅಂಕಿ.
ಹ್ಯಾಗ್‌ಶಾ ಹಾಲ್‌ನ ದಾಖಲೆ ಚೀಟಿಯಲ್ಲಿ
ಇಷ್ಟು ಬರೆದು ಪೆನ್ಸಿಲು ಕಚ್ಚುತ್ತ ಕೂತೆ.
'ಉಪಯೋಗ' ಎಂಬಲ್ಲಿಂದ ಕೆಳಗೆ ಖಾಲಿ.

ಲೀಡ್ಸಿನಿಂದ ಬಂದ ತಜ್ಞರು ಬಿಳಿ ಕೈಗವಸಿನಲ್ಲಿ ಎತ್ತಿ
ಊಟದ ಗಂಟೆ ಎಂದರು, ಅನುಮಾನವೇ ಇಲ್ಲ.
ಅಂಚೆಯ ಬಾರ್ನಬಿ ಅಲ್ಲವೇ ಅಲ್ಲವೆಂದ:
ತಲೆಮೇಲೆ ತಟ್ಟೆ ಹೊತ್ತು ಬೀದಿಯಲ್ಲಿ
ಬನ್ನು ಮಾರುವವರದು, ಅವನಜ್ಜಿ ಕಂಡಿದ್ದಳಂತೆ.
ಟಿಕೆಟ್ ಹರಿಯುವ ಮಿಸ್ ಓಲ್ಡ್‌ರಾಯ್ಡ್
ನೋಡುವ ಮೊದಲೇ ಶಾಲೆಯದೆಂದು ನಿರ್ಧರಿಸಿದ್ದರು;
ಮೂವತ್ತೆಂಟು ವರ್ಷ ಟೀಚರಾಗಿದ್ದವರಿಗೆ
ಜಗತ್ತಿನ ಗಂಟೆಗಳೆಲ್ಲ ಶಾಲೆಯವೇ.

ನಾನು ನಾಲಿಗೆಯನ್ನು ನೋಡುತ್ತಿದ್ದೆ.
ಎಲುಬಿಲ್ಲದ ನಾಲಿಗೆ ಹೇಗೆಂದರೆ ಹಾಗೆ ಹೊರಳುತ್ತದೆ,
ಇದಕ್ಕೆ ಕೀಲು ಹಾಕಿ ಕಟ್ಟಿದ್ದಾರೆ.
ಮುಂದಕ್ಕೆ, ಹಿಂದಕ್ಕೆ, ಅಷ್ಟೇ.
ಉಣ್ಣಲು ಬನ್ನಿ ಎನ್ನುವ ಗಂಟೆಗೆ
ಇಷ್ಟೊಂದು ಸಂಯಮ ಯಾಕೆ?

ಗುರುವಾರ ವೃದ್ಧಾಶ್ರಮದ ಬಸ್ಸು ಬಂತು.
ಎಡ್ನಾ ಬ್ಯಾರಕ್ಲೋ, ತೊಂಬತ್ತೊಂದು,
ಊರುಗೋಲನ್ನು ನನ್ನ ಕುರ್ಚಿಗೆ ಸಿಕ್ಕಿಸಿ
ಮೇಜಿನ ಮೇಲಿದ್ದದ್ದನ್ನು ಎತ್ತಿಕೊಂಡೇಬಿಟ್ಟಳು.
ಅಲ್ಲಾಡಿಸಲಿಲ್ಲ.
ತೇಗು ಬರಿಸಲು ಮಗುವನ್ನು ಒರಗಿಸಿಕೊಳ್ಳುವಂತೆ
ಹೆಗಲಿಗೆ ಒರಗಿಸಿ ನಿಂತಳು, ಯಾವುದಕ್ಕೋ ಕಾಯುತ್ತ.
ತುಟಿ ಎಣಿಸುತ್ತಿತ್ತು.
ಮಣಿಕಟ್ಟು ಮುಂದೆ ಚಿಮ್ಮಿತು, ಒಂದೇ ಏಟು,
ಮರಳಿ ಹೆಗಲಿಗೆ ತಾಗಿಸಿ ದನಿ ಆರಿಸಿದಳು,
ಬತ್ತಿ ಚಿವುಟಿದಂತೆ.

"ಇದು ಯಾರನ್ನೂ ಕರೆಯೋದಲ್ಲ ಕಣಮ್ಮ,
ತನ್ನ ಸರದಿ ಕಾಯೋದು."

ಚಹಾ ಆರಿ ಕೆನೆಗಟ್ಟುವಷ್ಟು ಹೊತ್ತು ಹೇಳಿದಳು.
ಗಿರಣಿಯ ಹನ್ನೆರಡು ಗಂಡಸರು, ತಲಾ ಎರಡು ಗಂಟೆ,
ಇಡೀ ಹಾಡಿನಲ್ಲಿ ಒಬ್ಬೊಬ್ಬನ ಪಾಲಿಗೆ ಎರಡೇ ಸ್ವರ.
ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಇದೇ ಮನೆಯ ಮೆಟ್ಟಿಲಲ್ಲಿ ನುಡಿಸಿ
ಯಜಮಾನರು ಕೊಡಿಸಿದ ಬಿಯರು ಕುಡಿದು
ಗುಡ್ಡದ ಹಿಮ ತುಳಿಯುತ್ತ ಹೋಗುವರು.
ಹದಿಮೂರು, ಹದಿನಾಲ್ಕು ಚಿಕ್ಕಪ್ಪ ಸೆಲ್ವಿನ್‌ನವು.
ಅವನು ಸೊಮ್ ನದಿಯ ಕೆಸರಲ್ಲೇ ಉಳಿದ.
ಹದಿಮೂರು ಮಂಚದ ಕೆಳಗೆ ಸಿಕ್ಕಿ ಇನ್ನೊಬ್ಬನ ಕೈಸೇರಿತು,
ಹದಿನಾಲ್ಕು ಸಿಗಲೇ ಇಲ್ಲ.
ಹೊಸದು ಎರಕ ಹೊಯ್ಯಿಸಲು ದುಡ್ಡಿರಲಿಲ್ಲ,
ದುಡ್ಡಿದ್ದಾಗ ಮನಸ್ಸಿರಲಿಲ್ಲ.
ಆ ಸ್ವರ ಬರುವಲ್ಲಿ ಹನ್ನೆರಡು ಮಂದಿಯೂ
ಒಂದು ಮಾತ್ರೆ ಸುಮ್ಮನಿದ್ದು
ಮುಂದೆ ಹೋಗುವರು.

"ನಾನು ಹುಟ್ಟಿದ್ದು ಇಪ್ಪತ್ತನೇ ಇಸವಿಯಲ್ಲಿ.
ಹಾಡು ಇರೋದೇ ಹಾಗೆ ಅಂದ್ಕೊಂಡಿದ್ದೆ.
ಮಕ್ಕಳನ್ನ ಮಲಗಿಸುವಾಗಲೂ
ಅಲ್ಲಿ ಬಂದಾಗ ಉಸಿರು ಹಿಡೀತಿದ್ದೆ.
ಈಗ ಮೊಮ್ಮಕ್ಕಳೂ ಹಿಡೀತಾರೆ,
ಯಾಕೆ ಅಂತ ಅವಕ್ಕೆ ಗೊತ್ತಿಲ್ಲ."

ಸ್ವರ ಬಿದ್ದುಹೋಗಿಯೂ ಅರ್ಥ ಕೆಡದಿದ್ದರೆ
ವ್ಯಾಕರಣದಲ್ಲಿ ಅದಕ್ಕೊಂದು ಹೆಸರಿದೆ.
ಎಡ್ನಾಗೆ ಹೇಳಲಿಲ್ಲ.
ಗೋಡೆಯೊಳಗೆ ಇಟ್ಟವರು ಯಾರೆಂದು ಕೇಳಿದೆ.
ಕಾಲುಚೀಲವನ್ನು ಅಂಗೈಯಲ್ಲಿ ಹರಡಿ
ಹೆಣಿಗೆ ನಿಂತ ಸಾಲಿನ ಮೇಲೆ ಬೆರಳಾಡಿಸಿ ಹೇಳಿದಳು:
"ಒಳ್ಳೆ ಕೈ. ಈ ಅಡುಗೆಮನೆಯಲ್ಲೇ ಇದ್ದ ಯಾವುದೋ ಹುಡುಗಿ.
ನಮ್ಮನೇಲಿ ಅವಳ ಹೆಸರು ಯಾರೂ ಎತ್ತಿದ್ದಿಲ್ಲ."

ಇನ್ನೊಮ್ಮೆ ಬಾರಿಸುತ್ತೀರಾ ಎಂದರೆ
ಬೇಡ, ಎಂದಳು. ನಾನು ನೆನೆಸಿದ್ದಕ್ಕಿಂತ ಜೋರಾಗಿದೆ.

ಹೊರಗೆ ಬಸ್ಸಿನವನು ಹಾರನ್ ಹೊಡೆದ.
ಅವಳು ಕಂಚಿನ ಮೇಲಿನ ತನ್ನ ಬೆರಳಚ್ಚುಗಳನ್ನು
ಸ್ವೆಟರಿನ ತೋಳಿನಿಂದ ಒಂದೊಂದಾಗಿ ಒರೆಸಿ,
"ಬರಿಗೈ ತಾಗಿದರೆ ಕಪ್ಪಾಗುತ್ತೆ,
ಅಪ್ಪನೂ ಕೈಗವಸು ಹಾಕೋನು" ಎಂದು
ನನ್ನನ್ನೇ ಗದರಿ ಹೋದಳು.

ಉಪಯೋಗ: ಸರದಿ ಕಾಯುವುದು, ಎಂದು ಬರೆದೆ.
ಸೋಮವಾರ ಮೇಲಿನವರು ಅದನ್ನು ಹೊಡೆದುಹಾಕಿ
'ವಾದ್ಯ, ಬಿಡಿಭಾಗ' ಎಂದು ತಿದ್ದಿದರು.
ಅದೂ ಸರಿಯೇ.